ಇಟಲಿಯ ಅಡುಗೆಮನೆಯಲ್ಲಿ ಐವತ್ತು ಹುಳು

ಇಟಲಿಯಲ್ಲಿ ಓದಿ ಬಂದವಳು ಅಂತ ಗೊತ್ತಾದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಊಟಕ್ಕೇನ್ ಮಾಡ್ತಿದ್ದೆ?" ಎರಡನೆಯದು, "ಚಳಿ ಜಾಸ್ತಿನಾ?" ಎರಡಕ್ಕೂ ನನ್ನ ಹತ್ತಿರ ಉದ್ದುದ್ದದ ಉತ್ತರಗಳಿವೆ. ಮೊದಲ ವಾರವೇ ತಪ್ಪು ಬಸ್ಸು ಹತ್ತಿ ಯಾವುದೋ ಊರಿನ ಚರ್ಚಿನ ಮುಂದೆ ಇಳಿದು ಮೂರು ಗಂಟೆ ಕೂತಿದ್ದರಿಂದ ಶುರುಮಾಡಿ ಎಷ್ಟು ಬೇಕಾದರೂ ಹೇಳಬಲ್ಲೆ. ಆದರೆ ಬರೆಯಲು ಕೂತರೆ ಅದೊಂದೂ ಮುಂದೆ ಬರುವುದಿಲ್ಲ. ಒಂದು ಷೂ ಡಬ್ಬ ನೆನಪಾಗುತ್ತದೆ. ಅದರೊಳಗೆ ಐವತ್ತು ರೇಷ್ಮೆಹುಳು.

ನಮ್ಮೂರು ಶ್ರೀನಿವಾಸಪುರದಿಂದ ಆರು ಮೈಲಿ. ಸುತ್ತ ಎಲ್ಲರದೂ ಮಾವಿನ ತೋಪು, ನಮ್ಮದು ಎರಡು ಎಕರೆ ಹಿಪ್ಪುನೇರಳೆ. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನೂ ಅಣ್ಣ ಮುನಿರಾಜನನ್ನೂ ಸಾಕಿದ್ದು ಅಪ್ಪನ ತಾಯಿ. ನಮ್ಮಲ್ಲಿ ಅಜ್ಜಿಯನ್ನು ಅವ್ವ ಅನ್ನುತ್ತೇವೆ. ಅವ್ವ ನಮ್ಮನ್ನೂ ಹುಳುಗಳನ್ನೂ ಒಟ್ಟಿಗೇ ಸಾಕಿದಳು. ಯಾರಿಗೆ ಮೊದಲು ಮೇವು ಅನ್ನುವ ಪ್ರಶ್ನೆ ಬಂದರೆ ಹುಳುಗಳಿಗೇ ಮೊದಲು.

ನಾನು ಹೊರಟ ದಿನ ಅವ್ವ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ತನಕ ಬಂದಳು. ಮಂಡಿ ನೋವು, ಬರಬೇಡ ಅಂದರೂ ಕೇಳಲಿಲ್ಲ. ನಾನು ಅಳುತ್ತಿದ್ದೆ. ಅವಳಿಗೆ ರೇಗಿತು.

"ಏಮೇ ಶ್ಯಾಮಲ, ಸಾಕು ಬಿಡು. ಹುಳ ಸಾಕಿ ಗೂಡು ಬಿಡಿಸ್ದೋಳು ಎಲ್ಲೋದ್ರೂ ಬದುಕ್ತಾಳೆ. ನಾನು ಹೋಗೋಕೆ ಮುಂಚೆ ಒಂದ್ಸಲ ಬಂದು ಮುಖ ತೋರ್ಸು, ಅಷ್ಟೇ ನಾನು ಕೇಳೋದು."

"ತೋರಿಸ್ತೀನಿ ಅವ್ವ" ಅಂದೆ. ಮಾತು ಕೊಟ್ಟೆ. ಕಂಡಕ್ಟರ್ ರೈಟ್ ಅಂದ.

ಇಡಾ ಅಜ್ಜಿಯ ಮನೆ

ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಊರಿನಲ್ಲಿ ನನ್ನ ಕೃಷಿ ವಿಜ್ಞಾನದ ಓದು. ಇದ್ದದ್ದು ಊರಾಚೆಯ ಹಳ್ಳಿಯಲ್ಲಿ, ಇಡಾ ಅನ್ನುವ ಎಂಬತ್ತು ದಾಟಿದ ಮುದುಕಿಯ ಮನೆಯಲ್ಲಿ. ಮಹಡಿಯ ಕೋಣೆ ನನಗೆ. ಅದಕ್ಕೆ ಬದಲಾಗಿ ಅಂಗಡಿಗೆ ಹೋಗಿ ಬರುವುದು, ಒಲೆಗೆ ಸೌದೆ ತರುವುದು, ಸಂಜೆ ಜೊತೆಗೆ ಕೂತು ಊಟ ಮಾಡುವುದು ನನ್ನ ಕೆಲಸ. ಕೊನೆಯದೇ ಮುಖ್ಯ ಕೆಲಸ ಅಂತ ಆಮೇಲೆ ತಿಳಿಯಿತು.

ಮೊದಲ ದಿನವೇ ಬೈಸಿಕೊಂಡೆ. ಬ್ರೆಡ್ಡನ್ನು ಮೇಜಿನ ಮೇಲೆ ಬೋರಲು ಇಟ್ಟಿದ್ದೆ. ಇಡಾ ಅಜ್ಜಿ ಥಟ್ಟನೆ ಅದನ್ನು ತಿರುಗಿಸಿ ಇಟ್ಟು, ಹಾಗಿಟ್ಟರೆ ಮನೆಗೆ ಕೇಡು ಅಂದಳು. ಆಮೇಲೆ ಉಪ್ಪು ಕೇಳಿದಳು. ನಾನು ಅದನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಮುಂದಕ್ಕೆ ಸರಿಸಿದೆ. ಅಜ್ಜಿ ನನ್ನ ಮುಖ ನೋಡಿದಳು. ಅವರಲ್ಲೂ ಉಪ್ಪು ಕೈಯಿಂದ ಕೈಗೆ ಕೊಡುವುದಿಲ್ಲವಂತೆ! ಅವತ್ತಿನಿಂದ ಅವಳಿಗೆ ನನ್ನ ಮೇಲೆ ನಂಬಿಕೆ ಬಂತು. ನನಗೂ ಉಸಿರು ಬಂತು.

ಚಳಿಗಾಲದ ಸಂಜೆಗಳಲ್ಲಿ ಅವಳು ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ತಿರುವುತ್ತಿದ್ದಳು. ನಮ್ಮ ಮುದ್ದೆಯೇ, ಬಣ್ಣ ಮಾತ್ರ ಹಳದಿ. ಅದನ್ನು ಹಲಗೆಯ ಮೇಲೆ ಸುರಿದು, ಆರಿದ ಮೇಲೆ ದಾರದಿಂದ ಕೊಯ್ಯುತ್ತಿದ್ದಳು. ಭಾನುವಾರದ ವಿಡಿಯೊ ಕರೆಯಲ್ಲಿ ಅದನ್ನು ತೋರಿಸಿದಾಗ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅಯ್ಯೋ ದೇವ್ರೇ, ಮುದ್ದೆನ ದಾರದಲ್ಲಿ ಕುಯ್ತಾರಾ! ಆಯಮ್ಮಂಗೆ ಕೈ ಇಲ್ವಾ?"

ನಗು ಅಷ್ಟೇ. ಉಳಿದ ದಿನ ನಗುವಂಥದ್ದೇನೂ ಇರಲಿಲ್ಲ. ನಾಲ್ಕು ಗಂಟೆಗೇ ಕತ್ತಲು. ತರಗತಿಯಲ್ಲಿ ಎಲ್ಲರೂ ನಕ್ಕ ಮೇಲೆ ನನಗೆ ಅರ್ಥವಾಗುತ್ತಿತ್ತು. ಫೆಬ್ರವರಿಯಲ್ಲಿ ಎರಡು ಪರೀಕ್ಷೆ ಫೇಲಾದೆ. ಅವ್ವನಿಗೆ ಪಾಸು ಅಂದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಷ್ಟೋ ಸಲ ಖಾಲಿಯೇ ಇರುತ್ತಿತ್ತು, ಜನ ನಿಂತೇ ಇರುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಎಲ್ಲೋದ್ರೂ ಬದುಕ್ತಾಳೆ ಅಂದಿದ್ದಳಲ್ಲ ಅವ್ವ, ಹಾಗೆ ಬದುಕುತ್ತಿದ್ದೇನೆ ಅನ್ನಿಸುತ್ತಲೇ ಇರಲಿಲ್ಲ.

ಹೊಲದ ಅಂಚಿನ ಮರ

ಏಪ್ರಿಲಿನಲ್ಲಿ ಬಸ್ ಸ್ಟಾಪಿಗೆ ನಡೆದು ಹೋಗುವಾಗ ದ್ರಾಕ್ಷಿ ತೋಟದ ಅಂಚಿನಲ್ಲಿ ಒಂದು ಮೋಟು ಮರ ಚಿಗುರಿದ್ದು ಕಂಡಿತು. ಚಳಿಗಾಲವಿಡೀ ಅದರ ಪಕ್ಕದಲ್ಲೇ ಓಡಾಡಿದ್ದೆ, ಗುರುತೇ ಹತ್ತಿರಲಿಲ್ಲ. ಒಂದು ಎಲೆ ಕಿತ್ತು ಮುರಿದೆ. ಹಾಲು ಬಂತು. ಹಿಪ್ಪುನೇರಳೆ! ನಮ್ಮಲ್ಲಿ ಸೊಂಟದೆತ್ತರದ ಗಿಡ, ಇಲ್ಲಿ ತಬ್ಬಿದರೆ ಕೈಗೆ ಸಿಗದ ಮರ. ರಸ್ತೆಯಲ್ಲೇ ನಿಂತು ಗೊಳೋ ಅಂತ ಅತ್ತೆ. ಸೈಕಲ್ಲಿನಲ್ಲಿ ಬಂದ ಒಬ್ಬಾತ ಇಳಿದು, ಹುಷಾರಾಗಿದ್ದೀಯಾ ಅಂತ ಕೇಳಿದ. ಮರ ತೋರಿಸಿದೆ. ಪಾಪ, ಅವನಿಗೇನು ಅರ್ಥವಾಗಬೇಕು.

ಮನೆಗೆ ಓಡಿ ಹೋಗಿ ಇಡಾ ಅಜ್ಜಿಗೆ ಎಲೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎಲೆಯನ್ನು ಮೂಸಿದಳು. ಆಮೇಲೆ ಮಾತು ನಿಲ್ಲಲೇ ಇಲ್ಲ. ಅವಳು ಹುಡುಗಿಯಾಗಿದ್ದಾಗ ಈ ಊರಿನ ಮನೆಮನೆಯಲ್ಲೂ ಹುಳು ಸಾಕುತ್ತಿದ್ದರಂತೆ. ಅವಳ ಅಮ್ಮ ಮೊಟ್ಟೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಎದೆಯ ಬಿಸಿಯಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. ಹುಳು ಇದ್ದಷ್ಟು ದಿನ ಅಡುಗೆಮನೆ ಹುಳುಗಳದ್ದು, ಮಕ್ಕಳಿಗೆ ದನದ ಕೊಟ್ಟಿಗೆ. "ಒಂದು ಸಲ ಆ ಸದ್ದು ಕೇಳಬೇಕು" ಅಂದಳು. ಹುಳುಗಳೆಲ್ಲ ಒಟ್ಟಿಗೆ ಸೊಪ್ಪು ಮೇಯುವ ಸದ್ದು. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತದೆ. ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಹುಳುಗಳಿದ್ದವು. ಅಲ್ಲಿ ಕೆಲಸ ಮಾಡುವಾತನನ್ನು ಕಾಡಿ ಬೇಡಿ, ಮೇ ತಿಂಗಳಲ್ಲಿ ಐವತ್ತು ಮರಿಹುಳುಗಳನ್ನು ಷೂ ಡಬ್ಬದಲ್ಲಿ ಹಾಕಿಸಿಕೊಂಡು ಬಂದೆ. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಗ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು, ಒಳಗೇನಿದೆ ಅಂತ ಕೇಳಿದಳು. ಅಷ್ಟು ತಿಂಗಳಲ್ಲಿ ಬಸ್ಸಿನಲ್ಲಿ ನನ್ನನ್ನು ಮಾತಾಡಿಸಿದವಳು ಅವಳೊಬ್ಬಳೇ.

ಅಲ್ಲಿಂದ ಭಾನುವಾರಗಳು ಬದಲಾದವು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟರೆ ಈ ಕಡೆ ಇಡಾ ಅಜ್ಜಿ, ಆ ಕಡೆ ಅವ್ವ, ನಡುವೆ ತರ್ಜುಮೆಗೆ ನಾನು. "ಸೊಪ್ಪು ಒರೆಸಿ ಹಾಕ್ತೀಯೋ ಇಲ್ವೋ? ತೇವ ಇರಬಾರ್ದು." "ಈರುಳ್ಳಿ ಹುರೀಬೇಡ ಅಂತ ಆಯಮ್ಮಂಗೆ ಹೇಳು, ಹುಳಕ್ಕೆ ಆ ವಾಸನೆ ಆಗಲ್ಲ." ಅವ್ವನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ನನ್ನ ಮೊಮ್ಮಗಳು ಇಟಲೀಲಿ ಹುಳ ಇಟ್ಟವ್ಳೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಡೈರಿಗೆ ಹಾಲು ಹಾಕಲು ಬಂದವರಿಗೂ ಬಿಟ್ಟಿರಲಿಲ್ಲವಂತೆ.

ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ. ಆಮೇಲೆ ಒಂದು ವಾರ ದೊಡ್ಡ ಮೇವು, ಆಮೇಲೆ ಗೂಡು. ನಮ್ಮ ಹುಳುಗಳು ನಾಲ್ಕನೇ ಜ್ವರ ಎದ್ದ ಭಾನುವಾರ ಇಡಾ ಅಜ್ಜಿ ಕೇಳಿದಳು, ನಿಮ್ಮ ಮನೆಯಲ್ಲಿ ಹುಳುಗಳಿಗೆ ಏನೇನು ಕಟ್ಟಳೆ? ಅವ್ವ ಬೆರಳು ಮಡಿಸಿದಳು. ಜಗಳ ಆಡಬಾರದು. ಹೊರಗಿನವರು ಬರಬಾರದು. ದೊಡ್ಡ ಮೇವು ನಡೆಯುವಾಗ ಆ ಮನೆಯವರಿಗೆ ಕೆಟ್ಟ ಸುದ್ದಿ ಹೇಳಬಾರದು, ಗೂಡು ಬಿಡಿಸುವ ತನಕ.

"ಮುಳಬಾಗಿಲಲ್ಲಿ ನನ್ನ ತಮ್ಮ ಸತ್ತಾಗ ಆರು ದಿನ ಊರಿಗೆಲ್ಲಾ ಗೊತ್ತು, ನಂಗೊಬ್ಳಿಗೇ ಗೊತ್ತಿಲ್ಲ."

"ಕೋಪ ಬರ್ಲಿಲ್ವಾ ಅವ್ವ?"

"ಬಂತು. ಏನ್ಮಾಡ್ತೀಯ? ಹುಳ ಇತ್ತಲ್ಲ."

ನಾನು ಇದನ್ನು ತರ್ಜುಮೆ ಮಾಡಿದೆ. ಇಡಾ ಅಜ್ಜಿ ತಲೆಯಾಡಿಸಿದಳು. ಅವ್ವ ಎರಡು ಸಲ ಕೆಮ್ಮಿದಳು. ನೀರು ಕುಡಿ ಅಂದೆ.

ಸೋಮವಾರ

ನಮ್ಮ ಕೋಲಾರ ಜಿಲ್ಲೆಯಲ್ಲಿ ಹುಳು ಸಾಕುವವರಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಪಕ್ಕದ ಹೊಲದಲ್ಲಿ ಟೊಮೆಟೊ ಇದ್ದರೆ, ಸೊಪ್ಪು ಕೊಯ್ಯುವ ಮೊದಲು ಬೇಲಿಯ ಹತ್ತಿರ ನಿಂತು, "ಔಷಧಿ ಹೊಡೆದ್ರಾ?" ಅಂತ ಕೂಗಿ ಕೇಳುತ್ತೇವೆ. ಉತ್ತರ ಬಂದ ಮೇಲೇ ಕುಡುಗೋಲು. ನಾನು ಮಾತು ಕಲಿತ ಮೇಲೆ ಕಲಿತ ಮೊದಲ ಪಾಠ ಬಹುಶಃ ಇದೇ.

ಆ ಸೋಮವಾರ ಬಸ್ಸಿಗೆ ತಡವಾಗಿತ್ತು. ದ್ರಾಕ್ಷಿ ತೋಟದಲ್ಲಿ ಯಾರೂ ಇರಲಿಲ್ಲ. ಯಾರನ್ನು ಕೇಳುವುದು? ಎಲೆ ತೇವವಿತ್ತು, ಇಬ್ಬನಿ ಅಂದುಕೊಂಡೆ. ಕೊಯ್ದೆ, ಸೆರಗಿಲ್ಲದ್ದಕ್ಕೆ ಟವೆಲಿನಲ್ಲಿ ಒರೆಸಿದೆ, ಹಾಕಿದೆ, ಓಡಿದೆ.

ಸಂಜೆ ಬಂದಾಗ ಇಡಾ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಡಬ್ಬ ನೋಡಿದೆ. ತಲೆಯೆತ್ತಿ ಹಸಿರು ಕಕ್ಕಿ ಸುರುಟಿಕೊಂಡಿದ್ದವು. ಒಂದೂ ಉಳಿದಿರಲಿಲ್ಲ. ನೋಡಿದ ತಕ್ಷಣ ಗೊತ್ತಾಯಿತು, ದ್ರಾಕ್ಷಿಗೆ ಹೊಡೆದ ಕೀಟದ ಔಷಧಿ. ಕಲಿತವಳು ನಾನು, ಓದುತ್ತಿರುವುದೂ ಅದನ್ನೇ, ಥೂ! ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಗುಲಾಬಿ ಗಿಡದ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದೆವು. ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, "ನಿನ್ನ ಅವ್ವನಿಗೆ ಹೇಳಿಬಿಡು" ಅಂದಳು.

"ನಾಳೆ ಹೇಳ್ತೀನಿ" ಅಂದೆ.

ಮಂಗಳವಾರ ಹೇಳಲಿಲ್ಲ. ಬುಧವಾರ ಮಧ್ಯಾಹ್ನ ನಾನು ಬಸ್ಸಿನಲ್ಲಿದ್ದಾಗ ಅಣ್ಣನ ಫೋನು ಬಂತು. ಅವನು ವಾರದ ನಡುವೆ ಫೋನು ಮಾಡುವವನೇ ಅಲ್ಲ.

"ಶ್ಯಾಮಲ, ಹುಳ ಹೆಂಗೈತೆ?"

ಅವ್ವನ ಮುಖ ಕಣ್ಣ ಮುಂದೆ ಬಂತು. ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಈ ದೇಶದಲ್ಲಿ ನನ್ನ ಕೈಯಿಂದ ಆದ ಒಂದೇ ಒಂದು ಕೆಲಸ ಅದು, ಅದೂ ಹಾಳಾಯಿತು ಅಂತ ಹೇಗೆ ಹೇಳಲಿ?

"ಚೆನ್ನಾಗ್ ಮೇಯ್ತಾ ಐತೆ ಅಣ್ಣ. ಅವ್ವಂಗೆ ಹೇಳು."

"ಸರಿ. ಹೇಳ್ತೀನಿ" ಅಂದ.

ಗುರುವಾರವೂ ಕೇಳಿದ, ಶುಕ್ರವಾರವೂ ಕೇಳಿದ. ಎರಡು ದಿನವೂ ಅದೇ ಸುಳ್ಳು. ಭಾನುವಾರ ವಿಡಿಯೊ ಇಲ್ಲದೆ ಬರೀ ಕರೆ ಬಂತು. "ಅವ್ವ ಮಲ್ಗೈತೆ, ಎಬ್ಬಿಸಲ್ಲ" ಅಂದ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಾಯೆನಿಸಿತು. ವಿಡಿಯೊ ಹಾಕಿದ್ದರೆ ಖಾಲಿ ಡಬ್ಬ ತೋರಿಸಬೇಕಾಗುತ್ತಿತ್ತಲ್ಲ. "ಹಣ್ಣಾಗೋಕೆ ಬಂದಿದೆ, ನಾಳೆ ನಾಡಿದ್ದರಲ್ಲಿ ಗೂಡು ಕಟ್ಟುತ್ತವೆ" ಅಂತ ಲೆಕ್ಕ ಹಾಕಿ ಹೇಳಿದೆ. ಇಡಾ ಅಜ್ಜಿಗೆ ಕನ್ನಡ ಬಾರದು, ಆದರೆ ಅವಳು ನನ್ನ ಕಡೆ ನೋಡದೆ ಎದ್ದು ಹೋದಳು.

ವೆನಿಸ್

ಅದರ ಮುಂದಿನ ಭಾನುವಾರ ಜೊತೆಯ ಹುಡುಗಿಯರಿಬ್ಬರು ನನ್ನನ್ನು ವೆನಿಸ್‌ಗೆ ಎಳೆದುಕೊಂಡು ಹೋದರು. ಇಷ್ಟು ಹತ್ತಿರ ಇದ್ದೂ ನೋಡದಿದ್ದರೆ ಹೇಗೆ ಅಂತ. ನಮ್ಮ ಕೋಲಾರದಲ್ಲಿ ಕುಡಿಯೋಕೆ ನೀರಿಲ್ಲ, ಇಲ್ಲಿ ನಡೆಯೋಕೆ ನೆಲ ಇಲ್ಲ. ಕೊತ್ತಂಬರಿ ಕಟ್ಟು ತರಲೂ ದೋಣಿ. ಓಣಿಗಳ ಮೇಲೆ ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಹಾಕಿದ್ದರು, ಅದೊಂದು ನಮ್ಮ ಹಾಗೆ. ಅವರಿಬ್ಬರೂ ಐಸ್‌ಕ್ರೀಮಿಗೆ ಸಾಲಿನಲ್ಲಿ ನಿಂತರು. ನಾನು ಸೇತುವೆಯ ಮೇಲೆ ನಿಂತೆ. ಫೋನು ಬಂತು.

"ಗೂಡು ಬಿಡಿಸಿದ್ರಾ?" ಅಣ್ಣ ಕೇಳಿದ.

"ಹೂಂ ಅಣ್ಣ. ಇವತ್ತೇ. ನಲವತ್ತೇಳು ಗೂಡು."

"ಎಲ್ಲಾ ಬಿಡಿಸಿ ಆಯ್ತಾ? ಮನೇಲಿ ಇನ್ನೊಂದು ಹುಳನೂ ಇಲ್ವಾ?"

"ಇಲ್ಲ."

"ಹಂಗಾದ್ರೆ ಕೂತ್ಕೊ. ಎಲ್ಲಾದ್ರೂ ಮೊದ್ಲು ಕೂತ್ಕೊ."

ಅವನು ಮುಂದಿನದು ಹೇಳುವ ಮೊದಲೇ ನನಗೆ ಎಲ್ಲಾ ಗೊತ್ತಾಗಿಹೋಯಿತು. ಆ ಮನೆಯಲ್ಲಿ ಹುಟ್ಟಿ ಬೆಳೆದವಳು, ಗೊತ್ತಾಗದೆ ಏನು?

ಅವ್ವನನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದು ಬುಧವಾರ. ಉಸಿರಾಟದ ತೊಂದರೆ. ಶನಿವಾರ ಬೆಳಿಗ್ಗೆ ಹೋದಳು. ನನಗೆ ಮಲಗಿದ್ದಾಳೆ ಅಂದ ಭಾನುವಾರ ಅವಳನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಇವತ್ತಿಗೆ ಒಂಬತ್ತು ದಿನ.

"ಅವ್ವಾನೇ ಅಂತು ಶ್ಯಾಮಲ. ಮಗು ಮನೇಲಿ ದೊಡ್ಡ ಮೇವು ನಡೀತೈತೆ, ನಂಗೆ ಹುಷಾರಿಲ್ಲ ಅಂತಾನೂ ಹೇಳ್ಬೇಡ, ಗೂಡು ಬಿಡಿಸ್ಲಿ ಅಂತು. ನಾನೇನ್ಮಾಡ್ಲಿ ಹೇಳು."

ಯಾರ ಹೊಟ್ಟೆಪಾಡೂ ನೆಚ್ಚಿಕೊಂಡಿರದ ಐವತ್ತು ಹುಳುಗಳಿಗೆ ನಮ್ಮ ಮನೆಯ ಕಟ್ಟಳೆ ನಡೆಸಿದ್ದರು. ಆ ಹುಳುಗಳು ಗುಲಾಬಿ ಗಿಡದ ಬುಡದಲ್ಲಿದ್ದವು.

"ಈಗ್ಲೇ ಬರ್ತೀನಿ" ಅಂದೆ.

"ಈಗ ಬಂದು ಯಾರ್ನ ನೋಡ್ತೀಯ? ನಾಡಿದ್ದು ಹನ್ನೊಂದನೇ ದಿನ, ಅಷ್ಟರಲ್ಲಿ ತಲುಪಲ್ಲ. ಪರೀಕ್ಷೆ ಮುಗಿಸ್ಕೊಂಡು ಬಾ. ಬರೋವಾಗ ಆ ಗೂಡು ತಗೊಂಬಾ. ಅವ್ವನ ಫೋಟೊ ಮುಂದೆ ಇಡಾಣ."

ಒಬ್ಬ ಗಂಡಸು ಬಂದು ತನ್ನ ಹೆಂಡತಿಯ ಜೊತೆ ಒಂದು ಫೋಟೊ ತೆಗೆಯುತ್ತೀಯಾ ಅಂತ ಕ್ಯಾಮೆರಾ ಚಾಚಿದ. ತೆಗೆದೆ. ಹೇಗೆ ಬಂದಿದೆಯೋ. ಅವನು ಗ್ರಾಟ್ಸಿಯೆ ಅಂತ ಥ್ಯಾಂಕ್ಸ್ ಹೇಳಿದ.

ಆ ಸಂಜೆ ಇಡಾ ಅಜ್ಜಿಗೆ ಹೇಳಿದೆ. ಅವತ್ತೇ ಹೇಳಿಬಿಡು ಅಂದಿದ್ದೆನಲ್ಲ ಅಂತ ಅವಳು ಅನ್ನಬಹುದಿತ್ತು, ಅನ್ನಲಿಲ್ಲ. ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಏಪ್ರನ್ನಿನಲ್ಲಿ ಮೆಕ್ಕೆಜೋಳದ ಹಿಟ್ಟಿನ ವಾಸನೆ ಇತ್ತು. ನನ್ನ ಅವ್ವನ ಸೆರಗಿನಲ್ಲಿ ರಾಗಿ ಹಿಟ್ಟಿನ ವಾಸನೆ ಇರುತ್ತಿತ್ತು.

ಮತ್ತೆ ಶ್ರೀನಿವಾಸಪುರ

ಆಗಸ್ಟಿನಲ್ಲಿ ಹೊರಟೆ. ಹಿಂದಿನ ದಿನ ಇಡಾ ಅಜ್ಜಿ ಅಂಗಿಯ ಗುಂಡಿಗಳನ್ನು ಇಟ್ಟಿದ್ದ ತಗಡಿನ ಡಬ್ಬ ತೆಗೆದು ಹುಡುಕಿ ಒಂದು ಹಳದಿ ಗೂಡು ತೆಗೆದಳು. ಅವಳ ಅಮ್ಮ ಬಿಡಿಸಿದ ಕೊನೆಯ ಬೆಳೆಯದ್ದು. ಎಪ್ಪತ್ತು ವರ್ಷದಿಂದ ಗುಂಡಿಗಳ ಜೊತೆ ಇತ್ತು. "ನಿನ್ನ ಅವ್ವನಿಗೆ ಕೊಡು" ಅಂದಳು. ಬೇಡ ಅನ್ನಬೇಕಿತ್ತು. ಅಣ್ಣನಿಗೆ ತೋರಿಸಲು ಒಂದಾದರೂ ಸಿಕ್ಕಿತಲ್ಲ ಅಂತ ತೆಗೆದುಕೊಂಡೆ. ಇನ್ನೂ ಬುದ್ಧಿ ಬಂದಿರಲಿಲ್ಲ ನನಗೆ.

ಶ್ರೀನಿವಾಸಪುರದಲ್ಲಿ ಬಸ್ಸಿಳಿದಾಗ ಮಾವಿನ ಕಾಲ ಮುಗಿದು ಹಣ್ಣಿನ ಮಂಡಿಗಳೆಲ್ಲ ಬಿಕೋ ಅನ್ನುತ್ತಿದ್ದವು. ಅವ್ವ ನಿಂತಿದ್ದ ಜಾಗದಲ್ಲಿ ಯಾರೋ ಸೀಬೆಹಣ್ಣು ಮಾರುತ್ತಿದ್ದರು. ಮನೆಯ ಬಾಗಿಲಿಗೆ ಅತ್ತಿಗೆ ಓಡಿಬಂದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು.

"ಅಳ್ಬೇಡ ಕಣೇ, ನಿನ್ ದಮ್ಮಯ್ಯ. ಒಳಗೆ ಹುಳ ಐತೆ. ನಿನ್ನೆ ನಾಲ್ಕನೇ ಜ್ವರ ಎದ್ದಿದೆ."

ಕೈಕಾಲು ತೊಳೆದು ಒಳಗೆ ಹೋದೆ. ಗೋಡೆಯಲ್ಲಿ ಅವ್ವನ ಫೋಟೊ. ನೋಡು ಅವ್ವ, ಬಂದೆ, ಮುಖ ತೋರಿಸ್ತಾ ಇದ್ದೀನಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಪಕ್ಕದ ಹುಳು ಮನೆಯಿಂದ ಮೇಯುವ ಸದ್ದು ಕೇಳುತ್ತಿತ್ತು.

ಅಣ್ಣ ನನ್ನನ್ನು ಹಿತ್ತಲಾಚೆ, ಸೊಪ್ಪಿನ ತೋಟದ ಬದಿಯ ಮಾವಿನ ಮರದ ಕೆಳಗೆ ಕರೆದುಕೊಂಡು ಹೋದ. "ಗೂಡು ತಂದ್ಯಾ?" ಅಂದ.

ಕರ್ಚೀಫು ಬಿಚ್ಚಿ ಕೊಟ್ಟೆ. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ನಮ್ಮಲ್ಲಿ ಗೂಡು ಕೈಗೆ ಬಂದರೆ ಯಾರೂ ಮೊದಲು ಮಾಡುವುದು ಅದನ್ನೇ. ಇನ್ನೊಂದು ಸಲ ಅಲುಗಾಡಿಸಿದ.

"ಇದು ಈ ವರ್ಷದ್ದಲ್ಲ. ಒಳಗೆ ಹುಳ ಪುಡಿಯಾಗೈತೆ. ನಿನ್ನ ಗೂಡೆಲ್ಲಿ?"

ಹೇಳಿದೆ. ಔಷಧಿ, ಗುಲಾಬಿ ಗಿಡ, ಖಾಲಿ ಡಬ್ಬ, ಎಲ್ಲಾ ಹೇಳಿದೆ.

"ಅಷ್ಟೂ ಸೋಮವಾರಾನೇ ಹೋಯ್ತಾ?"

"ಹೂಂ."

"ನಾನು ಬುಧವಾರ ಫೋನ್ ಮಾಡ್ದಾಗ?"

"ಒಂದೂ ಇರ್ಲಿಲ್ಲ ಅಣ್ಣ."

ಅವನು ಬೈಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ. ಅವನು ಗೂಡನ್ನೇ ನೋಡುತ್ತಾ ಮೆಲ್ಲಗೆ ಅಂದ:

"ಆ ಫೋನು ಅವ್ವನ ಮಂಚದ ಪಕ್ಕದಲ್ಲಿ ಕೂತ್ಕೊಂಡು ಮಾಡಿದ್ದು. ಮೂರು ದಿನಾನೂ. ಹುಳ ಹೋಯ್ತು ಅಂತ ಒಂದ್ ಮಾತು ಅಂದಿದ್ರೆ ಫೋನು ಅವ್ವನ ಕೈಗೇ ಕೊಟ್ಬಿಡ್ತಿದ್ದೆ. ನಿನ್ ಮುಖ ನೋಡ್ಬೇಕು ಅಂತ ಅವ್ವ ಕಣ್ ಕಣ್ ಬಿಡ್ತಿತ್ತು. ಮೇಯ್ತಾ ಐತಂತೆ ಅಂದ್ರೆ, ಮೇಯ್ಲಿ, ಮೇಯ್ಲಿ ಅಂತ ಸುಮ್ನಾಗ್ತಿತ್ತು."

ಮನೆಯ ಕಡೆಯಿಂದ ಅತ್ತಿಗೆ ಸೊಪ್ಪಿಗೆ ಕೂಗಿದಳು. ಅಣ್ಣ ಗೂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಸೊಪ್ಪಿನ ಹೊರೆಯನ್ನು ತಲೆಗೆ ಎತ್ತಿಕೊಂಡ. ಎರಡು ಹೆಜ್ಜೆ ಹೋಗಿ ನಿಂತ, ತಿರುಗಿ ನೋಡಲಿಲ್ಲ.

"ಅಳೋದೆಲ್ಲಾ ಇಲ್ಲೇ ಅತ್ಬಿಡು" ಅಂದ. "ಒಳಗೆ ಬರೋವಾಗ ಮುಖ ತೊಳ್ಕೊಂಡು ಬಾ. ಹುಳ ಐತೆ."